ಎರಡನೇ ಭಾಗದ ಜಗತ್ತು ಏನನ್ನು ನೆನಪಿಟ್ಟುಕೊಳ್ಳಬೇಕು? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಫ್ಯಾಂಟಸಿ ರೋಲ್‌ಪ್ಲೇಯಿಂಗ್ ಗೇಮ್‌ಗಳ ಮುಂದುವರಿದ ಭಾಗಗಳ ಬಗ್ಗೆ. ಆಡುವವರೂ ಕೇಳಿದ್ದಾರೆ, ಸ್ವಂತ ಗೇಮ್ ಬರೆಯುತ್ತಿರುವವರೂ ಕೇಳಿದ್ದಾರೆ. ಉತ್ತರಗಳಲ್ಲಿ ಕೆಲವು ಕಥೆಯ ಗುಟ್ಟುಗಳು ಬಯಲಾಗಿವೆ. ವಿಚರ್ 3, ಬಾಲ್ಡರ್ಸ್ ಗೇಟ್ 3, ಟಿಯರ್ಸ್ ಆಫ್ ದಿ ಕಿಂಗ್ಡಮ್ ಇನ್ನೂ ಮುಗಿಸದವರು ಅದನ್ನು ಗಮನದಲ್ಲಿಟ್ಟುಕೊಂಡು ಓದಿ.

ಪ್ರಶ್ನೆ: ವಿಚರ್‌ನ ಮೊದಲ ಎರಡು ಭಾಗ ಆಡಿಲ್ಲ. ನೇರವಾಗಿ ಮೂರನೆಯದಕ್ಕೆ ಕೈಹಾಕಬಹುದೇ? ಹೊಸ ಆಟ ಶುರು ಮಾಡುವಾಗ ವಿಚರ್ 2ರ ಸೇವ್ (ಆಟ ಉಳಿಸಿಟ್ಟ ಫೈಲ್) ಇದ್ದಂತೆ ಭಾವಿಸುವ ಒಂದು ಆಯ್ಕೆ ಬರುತ್ತದೆ. ಅದನ್ನು ಆನ್ ಮಾಡಬೇಕೇ?
– ಓದುಗರು, ಮಂಗಳೂರು

ಉತ್ತರ: ಧಾರಾಳವಾಗಿ ಆಡಿ. 2007ರ ಮೊದಲ ಭಾಗ, 2011ರ ಎರಡನೆಯದು, 2015ರ ಮೂರನೆಯದು, ಮೂರಕ್ಕೂ ರಾಕ್ಷಸರನ್ನು ಬೇಟೆಯಾಡುವ ಗೆರಾಲ್ಟ್‌ನೇ ನಾಯಕ. ಆದರೂ ಮೂರನೆಯದು ತನ್ನದೇ ಎಳೆ ಹಿಡಿದು ಹೊರಡುತ್ತದೆ: ಮಗಳಂತೆ ಸಾಕಿದ ಸಿರಿಯನ್ನು ಹುಡುಕುವುದು. ತಂದೆಯೊಬ್ಬನ ಹುಡುಕಾಟ ಅರ್ಥವಾಗಲು ಹಿಂದಿನ ರಾಜರ ಜಗಳ ಗೊತ್ತಿರಬೇಕಾಗಿಲ್ಲ.

ಆ ಆಯ್ಕೆಯನ್ನು ಆನ್ ಮಾಡಿ. ಮೊದಲ ಪ್ರದೇಶವಾದ ವೈಟ್ ಆರ್ಚರ್ಡ್ ಮುಗಿಸಿ ವಿಜಿಮಾ ಅರಮನೆಗೆ ಬಂದಾಗ ಗೆರಾಲ್ಟ್‌ಗೆ ಕ್ಷೌರ ನಡೆಯುತ್ತಿರುತ್ತದೆ. ಚಕ್ರವರ್ತಿಯ ಸೇನಾಧಿಕಾರಿ ಮೊರ್ವ್ರಾನ್ ವೂರ್ಹಿಸ್ ಎದುರಿಗಿದ್ದು ಹಳೆಯ ಘಟನೆಗಳನ್ನು ಒಂದೊಂದಾಗಿ ಕೆದಕುತ್ತಾನೆ. ಅರ್ಯನ್ ಲಾ ವಾಲೆಟ್ ಉಳಿದನೇ? ನೀನು ರೋಶ್ ಪಕ್ಷವೋ ಐಯೋರ್ವೆತ್ ಪಕ್ಷವೋ? ಸೀಲೆ ಎಂಬ ಮಾಂತ್ರಿಕಳು ಏನಾದಳು? ರಾಜಹಂತಕ ಲೆಥೋನನ್ನು ಕೊಂದೆಯೋ, ಹೋಗಲು ಬಿಟ್ಟೆಯೋ? ನಿಮ್ಮ ಉತ್ತರಗಳೇ ಹಳೆಯ ಸೇವ್ ಫೈಲಿನ ಜಾಗದಲ್ಲಿ ಕೂರುತ್ತವೆ. ಗೇಮ್ ಬರೆಯುವವರು ಇದನ್ನು ಗಮನಿಸಬೇಕು. ಒಂದು ಸೆಟ್ಟಿಂಗ್ಸ್ ಪುಟದಲ್ಲಿ ಟಿಕ್ ಹಾಕಿಸಿಕೊಳ್ಳಬಹುದಾಗಿದ್ದ ಪ್ರಶ್ನಾವಳಿಯನ್ನು ವಿಚಾರಣೆಯ ದೃಶ್ಯವಾಗಿಸಿದ್ದಾರೆ. ಹಳೆಯ ಆಟಗಾರನಿಗೆ ಅದು ನೆನಪು, ಹೊಸಬನಿಗೆ ಪರಿಚಯ. ಎರಡನೇ ಭಾಗದಲ್ಲಿ ಕುಡಿದ ಅಮಲಿನಲ್ಲಿ ಕತ್ತಿನ ಮೇಲೆ ಹಾಕಿಸಿಕೊಂಡ ಹಚ್ಚೆಯೂ ಮುಂದುವರಿಯಬಲ್ಲದು. ಕಥೆಗೆ ಅದರಿಂದ ಏನೂ ಆಗಬೇಕಿಲ್ಲ, ಆದರೆ ಹಳೆಯ ಆಟಗಾರ ಅದನ್ನು ಕಂಡಾಗ ಪಡುವ ಖುಷಿ ದೊಡ್ಡದು.

ಹೊಸಬರಿಗೆ ನಮ್ಮ ಸಲಹೆ: ಲೆಥೋನನ್ನು ಬದುಕಲು ಬಿಟ್ಟೆ ಎಂದೇ ಹೇಳಿ. ಹಾಗಾದರೆ ಮಾತ್ರ ವೆಲೆನ್‌ನ ರಿಯರ್ಡನ್ ಮೇನರ್ ಎಂಬ ಪಾಳುಮನೆಯಲ್ಲಿ ಅವನು ಸಿಗುತ್ತಾನೆ. ಅಲ್ಲಿನ ಕ್ವೆಸ್ಟ್ (ಆಟದೊಳಗಿನ ಕೆಲಸ) ಮುಗಿಸಿ ಅವನನ್ನು ವಿಚರ್‌ಗಳ ಕೋಟೆ ಕೇರ್ ಮೋರ್ಹೆನ್‌ಗೆ ಕಳಿಸಿದರೆ ಅಲ್ಲಿನ ಯುದ್ಧದಲ್ಲಿ ನಿಮ್ಮ ಕಡೆ ಒಬ್ಬ ಹೆಚ್ಚಿಗೆ ನಿಲ್ಲುತ್ತಾನೆ. ಐಲ್ ಆಫ್ ಮಿಸ್ಟ್ಸ್‌ಗೆ ದೋಣಿ ಹತ್ತುವ ಮೊದಲೇ ಇದನ್ನು ಮುಗಿಸಬೇಕು, ಆಮೇಲೆ ಅವಕಾಶ ಇಲ್ಲ.

ಪ್ರಶ್ನೆ: ಡ್ರ್ಯಾಗನ್ ಏಜ್‌ನ ಮೊದಲ ಮೂರು ಭಾಗಗಳಲ್ಲಿ ಎಷ್ಟೋ ತೀರ್ಮಾನ ಮಾಡಿದ್ದೇನೆ. ನಾಲ್ಕನೆಯದಾದ ವೇಲ್‌ಗಾರ್ಡ್ ಕೇಳುವುದು ಬರೀ ಮೂರು. ಉಳಿದವನ್ನು ಏಕೆ ಕೈಬಿಡುತ್ತಾರೆ? ಇದಕ್ಕೆ ಬೇರೆ ದಾರಿಯೇ ಇಲ್ಲವೇ?
– ಓದುಗರು, ಬೆಂಗಳೂರು

ಉತ್ತರ: ಮೊದಲು ಲೆಕ್ಕ ನೋಡಿ. ಎರಡೆರಡು ಫಲವಿರುವ 10 ತೀರ್ಮಾನಗಳಿದ್ದರೆ 1,024 ಬೇರೆ ಬೇರೆ ಜಗತ್ತುಗಳಾಗುತ್ತವೆ. 20 ಆದರೆ ಹತ್ತು ಲಕ್ಷ ದಾಟುತ್ತದೆ. ಪ್ರತಿ ಜಗತ್ತಿಗೂ ಸಂಭಾಷಣೆ ಬರೆದು, ದನಿ ರೆಕಾರ್ಡ್ ಮಾಡಿ, ದೃಶ್ಯ ಕಟ್ಟಿ, ಪರೀಕ್ಷಿಸುವುದು ಯಾರಿಂದಲೂ ಆಗದ ಕೆಲಸ. 2014ರಲ್ಲಿ ಮೂರನೇ ಭಾಗ ಇನ್‌ಕ್ವಿಸಿಷನ್ ಬಂದಾಗ ಡ್ರ್ಯಾಗನ್ ಏಜ್ ಕೀಪ್ ಎಂಬ ಪ್ರತ್ಯೇಕ ವೆಬ್‌ಸೈಟ್ ಮಾಡಿ ಹಿಂದಿನ ಎರಡು ಭಾಗಗಳ ತೀರ್ಮಾನಗಳನ್ನು ಅಲ್ಲಿ ದಾಖಲಿಸಿ ಆಟಕ್ಕೆ ತರುವ ವ್ಯವಸ್ಥೆ ಇತ್ತು. 2024ರ ವೇಲ್‌ಗಾರ್ಡ್‌ನಲ್ಲಿ ಅದಿಲ್ಲ. ಮೂರನೇ ಭಾಗದ ನಾಯಕ ಇನ್‌ಕ್ವಿಸಿಟರ್ ಯಾರನ್ನು ಪ್ರೀತಿಸಿದರು, ಇನ್‌ಕ್ವಿಸಿಷನ್ ಸಂಸ್ಥೆ ವಿಸರ್ಜನೆಯಾಯಿತೇ, ಹಳೆಯ ಜೊತೆಗಾರ ಸೋಲಾಸ್‌ನನ್ನು ತಡೆಯುವ ಪಣವೋ ಉಳಿಸುವ ಪಣವೋ, ಇಷ್ಟೇ ಕೇಳುತ್ತಾರೆ.

ಗೇಮ್ ಬರಹಗಾರರು ಈ ಗಂಟನ್ನು ಬಿಡಿಸಲು ಬಳಸುವ ದಾರಿಗಳು ಕೆಲವೇ. ಒಂದು, ಅಧಿಕೃತ ಇತಿಹಾಸ ಇಂಥದ್ದು ಎಂದು ಲೇಖಕರೇ ಘೋಷಿಸುವುದು. 2000ದ ಬಾಲ್ಡರ್ಸ್ ಗೇಟ್ 2ರಲ್ಲಿ ಹೀಗೇ ಆಗಿದೆ. ಮೊದಲ ಭಾಗದಲ್ಲಿ ನೀವು ಯಾರನ್ನು ಜೊತೆಗಿಟ್ಟುಕೊಂಡಿರಿ ಎಂಬುದನ್ನು ನೋಡದೆ ಜಹೀರಾ, ಮಿನ್ಸ್ಕ್, ಇಮೋಯೆನ್ ನಿಮ್ಮೊಡನೆ ಸೆರೆಯಲ್ಲಿರುತ್ತಾರೆ, ಖಾಲಿದ್ ಮತ್ತು ಡೈನಾಹೇರ್ ಸತ್ತಿರುತ್ತಾರೆ. ಮೊದಲ ಭಾಗದಲ್ಲಿ ಬೇರೆಯವರೊಡನೆ ಸುತ್ತಿದವರಿಗೆ ಇದು ಕಸಿವಿಸಿಯೇ. ಆದರೆ ಗಂಡ ಖಾಲಿದ್‌ನ ಶವದ ಮುಂದೆ ಜಹೀರಾ ಕುಸಿಯುವ ದೃಶ್ಯಕ್ಕೆ ಅಷ್ಟು ತೂಕ ಬಂದದ್ದು ಲೇಖಕರು ಒಂದೇ ಇತಿಹಾಸಕ್ಕೆ ಕಟ್ಟುಬಿದ್ದದ್ದರಿಂದಲೇ.

ಎರಡನೆಯದು, ಕಾಲ ದಾಟಿಸುವುದು. ಲೇರಿಯನ್ ಮಾಡಿದ 2023ರ ಬಾಲ್ಡರ್ಸ್ ಗೇಟ್ 3 ನೂರಕ್ಕೂ ಹೆಚ್ಚು ವರ್ಷಗಳ ಆಚೆ ನಡೆಯುತ್ತದೆ. ಮನುಷ್ಯರ ನೆನಪಿನಲ್ಲಿ ಹಳೆಯ ನಾಯಕ ದಂತಕಥೆಯಾಗಿದ್ದಾನೆ, ಅವನು ಮಾಡಿದ ಸಣ್ಣಪುಟ್ಟ ತೀರ್ಮಾನಗಳು ಅಳಿಸಿಹೋಗಿವೆ. ಜಹೀರಾ ಅರ್ಧ ಎಲ್ಫ್ (ದೀರ್ಘಾಯುಷಿ ಜನಾಂಗ) ಆದ್ದರಿಂದ ಬದುಕಿದ್ದಾಳೆ, ಮಿನ್ಸ್ಕ್ ಕಲ್ಲಾಗಿದ್ದು ಮರಳಿದ್ದಾನೆ. ಹಳಬರನ್ನು ಕರೆತರಲು ಆ ಜಗತ್ತಿನ ನಿಯಮಗಳೇ ಕಾರಣ ಒದಗಿಸಿದವು, ಹೊಸ ನೆಪ ಹುಡುಕಬೇಕಾಗಲಿಲ್ಲ.

ಮೂರನೆಯದು, ಬೇರೆ ಬೇರೆ ದಾರಿಗಳನ್ನು ಒಂದೇ ಕಡೆ ತಂದು ಸೇರಿಸುವುದು. ವಿಚರ್ 2ರಲ್ಲಿ ರೋಶ್ ಜೊತೆ ಹೋದರೆ ಇಡೀ ಎರಡನೇ ಅಂಕ ರಾಜ ಹೆನ್ಸೆಲ್ಟ್‌ನ ಸೇನಾಶಿಬಿರದಲ್ಲಿ, ಐಯೋರ್ವೆತ್ ಜೊತೆ ಹೋದರೆ ಎದುರು ಪಕ್ಷದ ವೆರ್ಗೆನ್ ಊರಿನಲ್ಲಿ. ಒಂದು ಸಲ ಆಡುವವರು ಅರ್ಧ ಆಟವನ್ನು ನೋಡುವುದೇ ಇಲ್ಲ. ಅಷ್ಟು ಧೈರ್ಯ ತೋರಿದ ಆ ಕವಲು ಮೂರನೇ ಭಾಗದಲ್ಲಿ ಹೆಚ್ಚುಕಡಿಮೆ ಮುಚ್ಚಿಹೋಗಿದೆ. ಹೆನ್ಸೆಲ್ಟ್ ಉಳಿದಿದ್ದರೂ ಅಳಿದಿದ್ದರೂ ಅವನ ರಾಜ್ಯ ಇನ್ನೊಬ್ಬ ರಾಜ ರಾಡೊವಿಡ್‌ನ ಪಾಲಾಗಿದೆ, ಐಯೋರ್ವೆತ್ ತೆರೆಯ ಮೇಲೆ ಬರುವುದೇ ಇಲ್ಲ. ಲೆಥೋ ಒಬ್ಬ ಬದುಕಿದ್ದಾನೋ ಇಲ್ಲವೋ ಎಂಬ ಸಣ್ಣ ತೀರ್ಮಾನಕ್ಕೇ ಅದಕ್ಕಿಂತ ಹೆಚ್ಚಿನ ಫಲ ಸಿಕ್ಕಿದೆ. ಒಬ್ಬ ಮನುಷ್ಯನನ್ನು ಒಂದು ಮನೆಯಲ್ಲಿ ಕೂರಿಸುವುದು ಸುಲಭ, ಒಂದು ರಾಜ್ಯವನ್ನು ಎರಡು ರೀತಿ ಕಟ್ಟುವುದು ಕಷ್ಟ.

ವೇಲ್‌ಗಾರ್ಡ್ ಹಿಡಿದದ್ದು ನಾಲ್ಕನೇ ದಾರಿ, ಜಾಗ ಬದಲಿಸುವುದು. ಕಥೆ ಉತ್ತರದ ಟೆವಿಂಟರ್ ಕಡೆಗೆ ಸರಿದಿದೆ, ನಾವು ಓಡಾಡಿದ ದಕ್ಷಿಣದ ಪಾಡು ಪತ್ರಗಳಲ್ಲಷ್ಟೇ ತಿಳಿಯುತ್ತದೆ. ಮೂರೇ ತೀರ್ಮಾನ ಕೇಳಿದ್ದು ನಮ್ಮ ಪ್ರಕಾರ ತಪ್ಪಲ್ಲ. ಕೊರತೆ ಇರುವುದು ಬೇರೆ ಕಡೆ. ಹಿಂದಿನ ಭಾಗಗಳ ಮಾಟಗಾತಿ ಮಾರಿಗನ್ ರಂಗಕ್ಕೆ ಬರುತ್ತಾಳೆ. ವೆಲ್ ಆಫ್ ಸಾರೋಸ್ ಎಂಬ ಬಾವಿಯ ನೀರನ್ನು ಅವಳು ಕುಡಿದಳೋ, ಇನ್‌ಕ್ವಿಸಿಟರ್ ಕುಡಿದರೋ ಎಂಬುದು ಹಿಂದಿನ ಭಾಗದ ಬಹುದೊಡ್ಡ ತೀರ್ಮಾನಗಳಲ್ಲಿ ಒಂದು. ಆ ನೆನಪನ್ನು ಹೊತ್ತವಳೇ ಎದುರು ನಿಂತು ಅದರ ಸುದ್ದಿ ಎತ್ತದಿದ್ದರೆ ಹಳೆಯ ಆಟಗಾರನಿಗೆ ನೋವಾಗುತ್ತದೆ. ಉತ್ತರ ಕೊಡಲಾಗದಿದ್ದರೆ ಆ ಪಾತ್ರವನ್ನು ತೆರೆಗೆ ತರಬಾರದು. ತಂದರೆ ಆ ಒಂದು ವಿಷಯಕ್ಕೆ ಎರಡು ಸಾಲಿನ ಎರಡು ರೂಪವನ್ನಾದರೂ ಬರೆಯಬೇಕು.

ಪ್ರಶ್ನೆ: ಮೊದಲ ಭಾಗದ ಕೊನೆಗೆ ದೇವರನ್ನೇ ಸೋಲಿಸಿದ ನಾಯಕ ಎರಡನೇ ಭಾಗದ ಆರಂಭದಲ್ಲಿ ಇಲಿ ಹೊಡೆಯಲು ಒದ್ದಾಡುವುದು ಹೇಗೆ ನಂಬುವಂತಿರುತ್ತದೆ?
– ಓದುಗರು, ಕಲಬುರಗಿ

ಉತ್ತರ: ಕಾರಣ ಕೊಟ್ಟರೆ ನಂಬುತ್ತಾರೆ. ಆ ಕಾರಣ ಕಥೆಯ ಮೂಲ ಸಮಸ್ಯೆಯಿಂದಲೇ ಹುಟ್ಟಿದ್ದರೆ ಮೆಚ್ಚುತ್ತಾರೆ. ಪಿಲ್ಲರ್ಸ್ ಆಫ್ ಇಟರ್ನಿಟಿ 2ರಲ್ಲಿ ನಾಯಕನ ಕೋಟೆಯ ಅಡಿಯಲ್ಲೇ ಹೂತಿದ್ದ ದೈತ್ಯ ಪ್ರತಿಮೆಯೊಳಗೆ ಇಯೋಥಾಸ್ ದೇವರು ಎದ್ದು ನಡೆಯುತ್ತಾನೆ, ಸುತ್ತಲಿನವರ ಆತ್ಮಗಳನ್ನು ಹೀರಿಕೊಳ್ಳುತ್ತಾನೆ. ಸಾವಿನಂಚಿನಲ್ಲಿರುವ ನಾಯಕನನ್ನು ಬೆರಾತ್ ಎಂಬ ಸಾವಿನ ದೇವತೆ ಎದುರುಗೊಳ್ಳುತ್ತದೆ. ಲೆವೆಲ್ 1ಕ್ಕೆ ಇಳಿದದ್ದು, ಯೋಧ, ಮಾಂತ್ರಿಕ ಮುಂತಾದ ವರ್ಗವನ್ನು ಹೊಸದಾಗಿ ಆರಿಸಿಕೊಳ್ಳುವುದು, ಆ ಪ್ರತಿಮೆಯನ್ನು ಬೆನ್ನಟ್ಟುವ ಹಟ, ಮೂರೂ ಒಂದೇ ಘಟನೆಯಿಂದ ಬಂದವು.

ಜೆಲ್ಡಾದ ಟಿಯರ್ಸ್ ಆಫ್ ದಿ ಕಿಂಗ್ಡಮ್ ಸಾಹಸದ ಆಟವೆನಿಸಿಕೊಂಡರೂ ಇಲ್ಲಿ ಒಳ್ಳೆಯ ಉದಾಹರಣೆ. ಶುರುವಿನಲ್ಲಿ ನಾಯಕ ಲಿಂಕ್‌ಗೆ ಜೀವಬಲ ತೋರಿಸುವ ಹೃದಯಗಳು ಸಾಲುಗಟ್ಟಿರುತ್ತವೆ. ಖಳನಾಯಕ ಗ್ಯಾನನ್‌ಡಾರ್ಫ್‌ನ ಕರಾಳ ಶಕ್ತಿ ಅವನ್ನು ಕಸಿಯುತ್ತದೆ, ಬಲಗೈಯನ್ನು ಹಾಳುಗೆಡವುತ್ತದೆ, ಅವನ ಖಡ್ಗ ಮಾಸ್ಟರ್ ಸ್ವೋರ್ಡ್ ಮುರಿಯುತ್ತದೆ. ಅದೇ ಶಕ್ತಿಯಿಂದ ನಾಡಿನ ಆಯುಧಗಳೆಲ್ಲ ತುಕ್ಕು ಹಿಡಿಯುತ್ತವೆ. ಕೋಲಿಗೆ ಕಲ್ಲು ಅಂಟಿಸಿ ಆಯುಧ ಮಾಡಿಕೊಳ್ಳುವ ಹೊಸ ವ್ಯವಸ್ಥೆಗೆ ಅದೇ ಕಾರಣ.

ಇನ್ನೊಂದು ದಾರಿ ಶಕ್ತಿಯನ್ನು ಕಸಿಯದೇ ಇರುವುದು. ಬಾಲ್ಡರ್ಸ್ ಗೇಟ್ 2ರಲ್ಲಿ ಅನುಭವದ ಅಂಕ 89,000ದಿಂದಲೇ ಆರಂಭವಾಗುತ್ತದೆ, ಅದು ಮೊದಲ ಭಾಗದ ಗರಿಷ್ಠ ಮಿತಿ. ಅಲ್ಲಿ ವೈರಿಗಳೇ ದೊಡ್ಡವರಾದರು. ಇದಕ್ಕೆ ಮೇಲಿನ ಲೆವೆಲ್‌ಗಳ ಮಂತ್ರ, ಆಯುಧ, ರಾಕ್ಷಸರನ್ನೆಲ್ಲ ಹೊಸದಾಗಿ ಮಾಡಬೇಕು, ಸಣ್ಣ ತಂಡಕ್ಕೆ ದುಬಾರಿ. ನೆನಪು ಹೋಗಿದೆ ಎಂಬ ನೆಪ ಮಾತ್ರ ಬೇಡ. ಶಕ್ತಿಯ ಜೊತೆ ಸಂಬಂಧಗಳೂ ಅಳಿಸಿಹೋಗುತ್ತವೆ, ಆಟಗಾರ ಮರಳಿ ಬಂದದ್ದೇ ಆ ಸಂಬಂಧಗಳಿಗಾಗಿ.

ಪ್ರಶ್ನೆ: ನಾವು ನಾಲ್ಕು ಜನ ಸೇರಿ ಸಣ್ಣ ಗೇಮ್ ಮಾಡಿದ್ದೆವು, ಈಗ ಎರಡನೇ ಭಾಗ. ಅದೇ ಊರು, ಅದೇ ಮ್ಯಾಪ್ ಬಳಸಿದರೆ ಜನ ಬೈಯುತ್ತಾರೆಯೇ?
– ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಬೆಳಗಾವಿ

ಉತ್ತರ: ಮ್ಯಾಪ್ ಅದೇ ಇದ್ದರೆ ಬೈಯುವುದಿಲ್ಲ, ಊರು ಹಾಗೇ ಇದ್ದರೆ ಬೈಯುತ್ತಾರೆ. 2011ರ ಡ್ರ್ಯಾಗನ್ ಏಜ್ 2 ಒಂದೇ ನಗರದಲ್ಲಿ ಸುಮಾರು ಏಳು ವರ್ಷಗಳ ಕಥೆ ಹೇಳಿತು, ಯೋಚನೆ ಬಹಳ ಚೆನ್ನಾಗಿತ್ತು. ಆದರೆ ತಯಾರಿಕೆಗೆ ಸಿಕ್ಕ ಸಮಯ ಕಡಿಮೆ. ವರ್ಷಗಳು ಉರುಳಿದರೂ ಆ ಕರ್ಕ್‌ವಾಲ್ ನಗರದ ಬೀದಿಗಳು ಹೆಚ್ಚು ಬದಲಾಗಲಿಲ್ಲ, ಒಂದೇ ಗುಹೆ ಬೇರೆ ಬೇರೆ ಕ್ವೆಸ್ಟ್‌ಗಳಲ್ಲಿ ಮರಳಿ ಮರಳಿ ಬಂತು.

2017ರ ಬ್ರೆತ್ ಆಫ್ ದಿ ವೈಲ್ಡ್ ಮತ್ತು 2023ರ ಟಿಯರ್ಸ್ ಆಫ್ ದಿ ಕಿಂಗ್ಡಮ್ ಎರಡಕ್ಕೂ ನೆಲ ಒಂದೇ. ಲುರೆಲಿನ್ ಎಂಬ ಮೀನುಗಾರರ ಹಳ್ಳಿ ಕಡಲ್ಗಳ್ಳರ ಪಾಲಾಗಿದೆ. ಓಡಿಸಿ, ಮರದ ದಿಮ್ಮಿ ತಂದುಕೊಟ್ಟರೆ ಮತ್ತೆ ಎದ್ದು ನಿಲ್ಲುತ್ತದೆ. ರಿಟೋ ಹಳ್ಳಿ ಹಿಮದಲ್ಲಿ ಮುಳುಗಿದೆ, ಕಾಕರಿಕೊದಲ್ಲಿ ಆಕಾಶದಿಂದ ಬಿದ್ದ ಉಂಗುರಾಕಾರದ ಅವಶೇಷಗಳಿವೆ, ಹಟೆನೊದಲ್ಲಿ ಶಾಲೆ ಬಂದಿದೆ. ನೆಲದಡಿ ಹೊಸದಾಗಿ ಬಂದ ಪಾತಾಳವನ್ನು ಕಟ್ಟಿದ ಬಗೆ ಇನ್ನೂ ಜಾಣತನದ್ದು. ಮೇಲೆ ಬೆಟ್ಟವಿದ್ದಲ್ಲಿ ಕೆಳಗೆ ಕಣಿವೆ, ಮೇಲೆ ನೀರಿದ್ದಲ್ಲಿ ಕೆಳಗೆ ದಾಟಲಾಗದ ಗೋಡೆ. ನೆಲದ ಮೇಲಿನ 120 ಗುಡಿಗಳ ನೇರ ಕೆಳಗೆ 120 ಬೆಳಕಿನ ಬೇರುಗಳು. ಒಂದು ಮ್ಯಾಪ್ ಗೊತ್ತಿದ್ದರೆ ಇನ್ನೊಂದನ್ನು ಊಹಿಸಬಹುದು.

ಅಲ್ಲೂ ಕೊರತೆಗಳಿವೆ, ಅವೂ ಪಾಠವೇ. ಹಿಂದಿನ ಭಾಗದ ದೈತ್ಯ ಯಂತ್ರಮೃಗಗಳು ಎಲ್ಲಿ ಹೋದವು ಎಂದು ಆಟದಲ್ಲಿ ಯಾರೂ ಸರಿಯಾಗಿ ಹೇಳುವುದಿಲ್ಲ. ನಾಲ್ಕು ದೇಗುಲಗಳನ್ನು ಯಾವ ಕ್ರಮದಲ್ಲಾದರೂ ಮುಗಿಸಬಹುದಾದ್ದರಿಂದ ಪ್ರತಿಯೊಂದರ ಕೊನೆಗೂ ಹಳೆಯ ಯುದ್ಧದ ಕಥೆಯನ್ನು ಹೆಚ್ಚುಕಡಿಮೆ ಅದೇ ಮಾತುಗಳಲ್ಲಿ ಹೇಳುತ್ತಾರೆ. ಆಟಗಾರ ಕ್ರಮ ಬದಲಿಸಬಹುದಾದ ಕಡೆ ದೃಶ್ಯವನ್ನು ಸ್ಥಳಕ್ಕೆ ಕಟ್ಟಬೇಡಿ, ಎಣಿಕೆಗೆ ಕಟ್ಟಿ. ಎಲ್ಲಿಗೇ ಮೊದಲು ಹೋಗಲಿ, ಮೊದಲ ಸಲ ಒಂದನೇ ತುಣುಕು, ಎರಡನೇ ಸಲ ಎರಡನೇ ತುಣುಕು.

ನಾಲ್ಕು ಜನರ ತಂಡಕ್ಕೆ ನಮ್ಮ ಸಲಹೆ: ಹಳೆಯ ಮ್ಯಾಪ್‌ನಲ್ಲಿ ಆಟಗಾರ ಅತಿ ಹೆಚ್ಚು ಹಾದುಹೋಗುತ್ತಿದ್ದ ಐದು ಜಾಗ ಗುರುತಿಸಿ. ಊರ ಬಾಗಿಲು, ಅಂಗಡಿ, ಸೇತುವೆ, ಸೇವ್ ಮಾಡುತ್ತಿದ್ದ ಜಾಗ, ಕೊನೆಯ ಕಾಳಗ ನಡೆದ ಬಯಲು. ನಿಮ್ಮ ಸಮಯವನ್ನೆಲ್ಲ ಅಲ್ಲೇ ಸುರಿಯಿರಿ. ಪ್ರತಿಯೊಂದರಲ್ಲೂ ಒಂದು ಕೆಟ್ಟಿರಲಿ, ಒಂದು ಹೊಸದಾಗಿರಲಿ, ಒಂದು ಹಾಗೇ ಉಳಿದಿರಲಿ. ಹಾಗೇ ಉಳಿದದ್ದು ಇಲ್ಲದಿದ್ದರೆ ಬದಲಾದದ್ದು ಕಣ್ಣಿಗೆ ಬೀಳುವುದಿಲ್ಲ.

ಪ್ರಶ್ನೆ: ನಮ್ಮ ಜಗತ್ತಿನ ಇತಿಹಾಸ, ದೇವರು, ಜನಾಂಗಗಳ ಬಗ್ಗೆ 200 ಪುಟ ಬರೆದಿಟ್ಟಿದ್ದೇನೆ. ಆಟಗಾರರು ಓದುವಂತೆ ಮಾಡುವುದು ಹೇಗೆ?
– ಓದುಗರು, ಶಿವಮೊಗ್ಗ

ಉತ್ತರ: ಆ 200 ಪುಟ ನಿಮಗಾಗಿ. ಎಲ್ಲೂ ಎಡವಟ್ಟಾಗದಂತೆ ಅದು ಕಾಯುತ್ತದೆ, ಆದ್ದರಿಂದ ಬರೆದದ್ದು ವ್ಯರ್ಥವಲ್ಲ. ಆಟಗಾರನಿಗೆ ಬೇಕಾದದ್ದು ಆ ಜಗತ್ತಿನ ಒಂದು ನಿಯಮ ತನ್ನ ಮೇಲೆ ಬಂದು ಬೀಳುವುದು.

ವಿಚರ್ 3ರ ವೆಲೆನ್ ಜೌಗುನಾಡನ್ನು ನೋಡಿ. ಅಲ್ಲಿ ಕಾನೂನು ರಾಜನದಲ್ಲ, ಕಾಡಿನ ಮೂವರು ಮಾಟಗಾತಿಯರದು. ಇದನ್ನು ಯಾರೂ ಭಾಷಣ ಮಾಡಿ ಹೇಳುವುದಿಲ್ಲ. ಮೊದಲು ಕಾಡಿನ ದಾರಿಯುದ್ದಕ್ಕೂ ಮಕ್ಕಳನ್ನು ಸೆಳೆಯಲು ನೇತುಹಾಕಿದ ಸಿಹಿತಿಂಡಿ ಕಾಣುತ್ತದೆ. ದಾರಿಯ ಕೊನೆಗೆ ಅನಾಥ ಮಕ್ಕಳ ಗುಡಿಸಲು, ಒಳಗೆ ಸುಂದರಿಯರ ಚಿತ್ರವಿರುವ ಗೋಡೆ ಹಾಸು. ಡೌನ್‌ವಾರೆನ್ ಹಳ್ಳಿಯ ಹಿರಿಯ, ಕೆಲಸ ಒಪ್ಪಿಸಿ ಸಂಭಾವನೆ ಕೇಳಿದಾಗ ತನ್ನ ಕಿವಿಯನ್ನೇ ಕೊಯ್ದು ಕೊಡುತ್ತಾನೆ. ನೋಡಿದ್ದು, ಕೇಳಿದ್ದು, ತೆತ್ತದ್ದು, ಮೂರು ಬಗೆಯಲ್ಲಿ ಒಂದೇ ನಿಯಮ ಮನಸ್ಸಿಗೆ ಇಳಿಯಿತು. ಅದೇ ಕಥೆಯಲ್ಲಿ ಮರದ ಕೆಳಗೆ ಬಂಧಿಯಾದ ಒಂದು ಶಕ್ತಿಯನ್ನು ಬಿಡಿಸಿದರೆ ಮಕ್ಕಳು ಉಳಿಯಬಹುದು. ಆದರೆ ಡೌನ್‌ವಾರೆನ್ ನಾಶವಾದದ್ದು ಬಹಳ ಹೊತ್ತಿನ ಮೇಲೆ ಮರಳಿ ಹೋದಾಗಲೇ ತಿಳಿಯುತ್ತದೆ. ಫಲ ತಡವಾಗಿ ಬಂದದ್ದರಿಂದ ಹಳೆಯ ಸೇವ್‌ಗೆ ಹಿಂದಿರುಗಿ ತೀರ್ಮಾನ ತಿದ್ದುವ ಮನಸ್ಸಾಗುವುದಿಲ್ಲ, ಅದರೊಂದಿಗೇ ಮುಂದೆ ಹೋಗುತ್ತೇವೆ.

ಬರಹವೇ ಬೇಕಾದ ಕಡೆ ಪುಸ್ತಕ, ಓಲೆ, ಶಾಸನ ಯಾವುದೇ ಇರಲಿ, ಒಂದು ತೆರೆಗೆ 40ರಿಂದ 60 ಪದ ಸಾಕು. ಅದರಲ್ಲಿ ಒಂದಾದರೂ ಉಪಯೋಗದ ಮಾಹಿತಿ ಇರಲಿ: ಯಾವ ಬಾಗಿಲು, ಯಾವ ದೌರ್ಬಲ್ಯ, ಯಾರ ಹೆಸರು. ಎರಡು ಸಲ ಓದಿ ಲಾಭ ಕಂಡವರು ಮೂರನೆಯದನ್ನು ತಾವೇ ಹುಡುಕುತ್ತಾರೆ.

ಪ್ರಶ್ನೆ: ಮೊದಲ ಭಾಗದ ತೀರ್ಮಾನಗಳನ್ನು ಎರಡನೆಯದಕ್ಕೆ ಸಾಗಿಸುವ ತಾಂತ್ರಿಕ ಕ್ರಮ ಏನು?
– ಗೇಮ್ ಪ್ರೋಗ್ರಾಮರ್, ಮೈಸೂರು

ಉತ್ತರ: ಇಡೀ ಸೇವ್ ಫೈಲನ್ನು ಓದಲು ಹೋಗಬೇಡಿ. ಮೊದಲ ಭಾಗ ಮುಗಿದಾಗ ತೀರ್ಮಾನಗಳಷ್ಟೇ ಇರುವ ಪುಟ್ಟದೊಂದು ಫೈಲ್ ಬೇರೆಯಾಗಿ ಬರೆಯಿರಿ. ಮೊದಲ ಸಾಲಿನಲ್ಲಿ ಆವೃತ್ತಿ ಸಂಖ್ಯೆ ಇರಲಿ. ಪ್ರತಿ ತೀರ್ಮಾನಕ್ಕೂ ಓದಿದರೆ ಅರ್ಥವಾಗುವ ಹೆಸರು ಕೊಡಿ. 17ನೇ ಸಂಖ್ಯೆಯ ತೀರ್ಮಾನ ಏನೆಂದು ಎರಡು ವರ್ಷದ ಮೇಲೆ ನಿಮಗೇ ನೆನಪಿರುವುದಿಲ್ಲ.

ಹೆಚ್ಚಿನವರು ಎಡವುವುದು ಹೌದು, ಇಲ್ಲ ಎಂದು ಎರಡೇ ಬೆಲೆ ಇಟ್ಟು. ಸೇನಾಪತಿಯನ್ನು ಉಳಿಸಲು ನಿರಾಕರಿಸಿದವನೂ ಸೇನಾಪತಿಯನ್ನು ಭೇಟಿಯೇ ಆಗದವನೂ ಆಗ ಒಂದೇ ಆಗಿಬಿಡುತ್ತಾರೆ. ಕಂಡೇ ಇರದ ಮನುಷ್ಯ ಎರಡನೇ ಭಾಗದಲ್ಲಿ ಬಂದು ನನ್ನನ್ನು ಸಾಯಲು ಬಿಟ್ಟೆ ಎಂದು ಕೂಗಾಡುತ್ತಾನೆ. ಆದ್ದರಿಂದ ಮೂರು ಬೆಲೆ ಇಡಿ: ಮಾಡಿದ, ಮಾಡಲಿಲ್ಲ, ಎದುರಾಗಲಿಲ್ಲ. ಫೈಲ್ ಸಿಗದಿದ್ದರೆ ಬಳಸಲು ಒಂದು ಪೂರ್ವನಿಗದಿತ ಇತಿಹಾಸವೂ ಬೇಕು.

ಸಣ್ಣ ತಂಡಕ್ಕೆ ಮೂರರಿಂದ ಐದು ತೀರ್ಮಾನ ಸಾಕು. ಐದು ತೀರ್ಮಾನ, ಮೂರು ಬೆಲೆ ಎಂದರೆ 243 ಜೋಡಣೆ. ಅಷ್ಟನ್ನೂ ಆಡಿ ನೋಡಲಾಗುವುದಿಲ್ಲ, ಆದರೆ ಒಂದರ ಫಲ ಇನ್ನೊಂದರ ದೃಶ್ಯಕ್ಕೆ ತಾಗದಂತೆ ಬರೆದರೆ 15 ಸ್ಥಿತಿಗಳನ್ನು ಬಿಡಿಬಿಡಿಯಾಗಿ ಪರೀಕ್ಷಿಸಿದರೆ ಆಯಿತು. ಸತ್ತವರ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಡ್ರ್ಯಾಗನ್ ಏಜ್‌ನ ಮೊದಲ ಭಾಗದಲ್ಲಿ ಜೊತೆಗಾತಿ ಲೆಲಿಯಾನಾಳನ್ನು ಕೊಲ್ಲಲು ಸಾಧ್ಯವಿತ್ತು, ಮುಂದಿನ ಭಾಗಗಳಲ್ಲಿ ಅವಳು ಬಂದೇ ಬಂದಳು, ಅದಕ್ಕೆ ಆಮೇಲೆ ವಿವರಣೆ ಹೊಸೆಯಬೇಕಾಯಿತು. ಮುಂದೆ ಬೇಕಾಗುವ ಪಾತ್ರವನ್ನು ಕೊಲ್ಲುವ ಆಯ್ಕೆಯನ್ನೇ ಕೊಡಬೇಡಿ. ಕೊಟ್ಟಿದ್ದರೆ ಆ ಪಾತ್ರದ ಕೆಲಸ ಮಾಡಲು ಇನ್ನೊಬ್ಬರನ್ನು ಈಗಲೇ ಗೊತ್ತುಮಾಡಿ.

ಪ್ರಶ್ನೆ: ಕನ್ನಡದಲ್ಲೇ ಸಂಭಾಷಣೆ ಇರುವ ಫ್ಯಾಂಟಸಿ ಗೇಮ್ ಮಾಡುತ್ತಿದ್ದೇವೆ. ಇಂಗ್ಲಿಷ್ ಗೇಮ್‌ಗಳಲ್ಲಿ ಇಲ್ಲದ ತೊಡಕುಗಳು ಯಾವುವು?
– ಓದುಗರು, ದಾವಣಗೆರೆ

ಉತ್ತರ: ಮೊದಲ ತೊಡಕು ಆಟಗಾರನೇ ಇಟ್ಟುಕೊಳ್ಳುವ ಹೆಸರು. ಹೆಸರಿನ ಜಾಗ ಖಾಲಿ ಬಿಟ್ಟು ಅದರ ಮುಂದೆ ವಿಭಕ್ತಿ ಅಂಟಿಸಿದರೆ ಕೆಡುತ್ತದೆ. ರಾಮನಿಗೆ, ಸೀತೆಗೆ, ಮಧುವಿಗೆ, ಒಂದೊಂದಕ್ಕೂ ಒಂದೊಂದು ರೂಪ. ಹೆಸರನ್ನು ಕರೆಯಲು ಮಾತ್ರ ಬಳಸಿ, ಇಲ್ಲವೇ ಹೆಸರಿನ ನಂತರ ಅವರಿಗೆ, ಅವರನ್ನು, ಅವರಿಂದ ಎಂದು ಸೇರಿಸಿ. ನಾಯಕ ಗಂಡೋ ಹೆಣ್ಣೋ ಆಗಬಹುದಾದರೆ ಬಂದನು, ಬಂದಳು ಎಂಬ ಕಡೆಯಲ್ಲೆಲ್ಲ ಎರಡು ಸಾಲು ಬೇಕಾಗುತ್ತದೆ. ಮಾತನ್ನು ನೇರವಾಗಿ ನಾಯಕನಿಗೇ ಆಡಿಸಿದರೆ ಆ ಕಷ್ಟ ತಪ್ಪುತ್ತದೆ, ನೀನು ಬಂದೆ ಎಂಬುದು ಇಬ್ಬರಿಗೂ ಒಂದೇ.

ಕನ್ನಡ ಕೊಡುವ ಅನುಕೂಲವೂ ಇದೆ, ದಯವಿಟ್ಟು ಬಳಸಿಕೊಳ್ಳಿ. ಮೊದಲ ಭಾಗದಲ್ಲಿ ನೀನು ಎನ್ನುತ್ತಿದ್ದ ಕಾವಲುಗಾರ ಎರಡನೆಯದರಲ್ಲಿ ನೀವು ಎನ್ನಲಿ. ನಿಮ್ಮಿಂದ ಮಗನನ್ನು ಕಳೆದುಕೊಂಡ ತಾಯಿ ನೀವು ಎನ್ನುತ್ತಿದ್ದವಳು ನೀನು ಎನ್ನಲಿ. ಪಾತ್ರವೊಂದಕ್ಕೆ ಒಂದು ಗುರುತು ಇಟ್ಟು ಸಂಭಾಷಣೆಯ ಎರಡು ರೂಪ ಬರೆದರೆ ಮುಗಿಯಿತು, ಹೊಸ ಚಿತ್ರ ಬೇಡ, ಹೊಸ ಕ್ವೆಸ್ಟ್ ಬೇಡ.

ಇನ್ನು ಅಕ್ಷರ. ಗೇಮ್ ಕಟ್ಟುವ ತಂತ್ರಾಂಶ (ಎಂಜಿನ್) ಯೂನಿಟಿಯ, ಪಠ್ಯ ತೋರಿಸುವ ಟೆಕ್ಸ್ಟ್‌ಮೆಶ್ ಪ್ರೊದಲ್ಲಿ ಕನ್ನಡವನ್ನು ಹಾಗೇ ಹಾಕಿದರೆ ಒತ್ತಕ್ಷರ ಒಡೆದು ಪಕ್ಕದಲ್ಲಿ ಬೀಳುತ್ತದೆ. ಇನ್ನೊಂದು ಎಂಜಿನ್ ಗೊಡೊ 4ರಲ್ಲಿ ಅಕ್ಷರ ಜೋಡಣೆ ಒಳಗೇ ಇದೆ, ಉಚಿತವಾಗಿ ಸಿಗುವ ನೋಟೊ ಸಾನ್ಸ್ ಕನ್ನಡ ಫಾಂಟ್ ಜೊತೆ ಸರಿಯಾಗಿ ಮೂಡುತ್ತದೆ. ಯಾವ ಎಂಜಿನ್ ಆದರೂ ಮೊದಲ ದಿನವೇ ರಾಷ್ಟ್ರ, ಸ್ತ್ರೀ, ಸೂರ್ಯ, ಜ್ಞಾನ, ಕೃಷ್ಣೆ ಎಂಬ ಐದು ಪದ ಹಾಕಿ ನೋಡಿ. ಒತ್ತಕ್ಷರ ಕೆಳಗಿನ ಸಾಲಿಗೆ ತಾಗದಂತೆ ಸಾಲುಗಳ ಅಂತರವನ್ನು ಅಕ್ಷರದ ಅಳತೆಯ ಒಂದೂವರೆ ಪಟ್ಟು ಇಡಿ. ಮಾತು ಒಂದೊಂದೇ ಅಕ್ಷರವಾಗಿ ಮೂಡುವ ಪರಿಣಾಮ ಬೇಕಿದ್ದರೆ ಯೂನಿಕೋಡ್ ಚಿಹ್ನೆಗಳನ್ನು ಎಣಿಸಬೇಡಿ, ಕ್ಷ ಬರೆಯುವಾಗ ಮೊದಲು ಕ, ಆಮೇಲೆ ಕ್ ಮೂಡಿ ಮಿನುಗುತ್ತದೆ. ಗೊಡೊದಲ್ಲಿ ಅಕ್ಷರಗಳನ್ನು ಜೋಡಣೆಯಾದ ಮೇಲೆ ತೋರಿಸುವ ಸೆಟ್ಟಿಂಗ್ ಇದೆ, ಅದನ್ನು ಆರಿಸಿ. ಅದಿಲ್ಲದ ಎಂಜಿನ್‌ನಲ್ಲಿ ಪದದಿಂದ ಪದಕ್ಕೆ ಮೂಡಿಸಿ.